ಕರೆಂಟಿಲ್ಲದಾಗ ಪೆಟ್ರೋಲ್ ವಾಷರ್

ಸಾಲಿಗ್ರಾಮದ ನಮ್ಮ ಕಡೆ ನಾಲೆಗೆ ನೀರು ಬಿಟ್ಟರೆ ಟಿಲ್ಲರಿಗೆ ಬಿಡುವಿಲ್ಲ. ಕೇಜ್‌ವೀಲಿಗೆ ಮೆತ್ತಿದ ಕೆಸರು ಒಣಗಿದರೆ ಕೆರೆದು ತೆಗೆಯೋದೇ ಒಂದು ಕೆಲಸ. ತೊಳೆಯೋಣವೆಂದರೆ ಸಂಜೆ ಕರೆಂಟಿನ ನಂಬಿಕೆಯಿಲ್ಲ. ಅದಕ್ಕೇ ಪೆಟ್ರೋಲ್ ಎಂಜಿನ್ನಿನ ಪ್ರೆಶರ್ ವಾಷರ್ ತಂದೆ.

ಅಂಗಡಿಯವರು ಹೇಳೋದು ಎಚ್‌ಪಿ ಲೆಕ್ಕ. ನಾನು ನೋಡಿದ್ದು ನೀರಿನ ಲೆಕ್ಕ. ನಿಮಿಷಕ್ಕೆ 8 ಲೀಟರ್ ಎಳೆಯುವ ಯಂತ್ರಕ್ಕೆ 200 ಲೀಟರಿನ ಡ್ರಮ್ 25 ನಿಮಿಷಕ್ಕೆ ಖಾಲಿ. ನಿಮ್ಮ ನಲ್ಲಿಯಡಿ 15 ಲೀಟರಿನ ಬಕೆಟ್ ಇಟ್ಟು ನೋಡಿ. ಒಂದೂವರೆ ನಿಮಿಷದಲ್ಲಿ ತುಂಬಿದರೆ ಈ ಯಂತ್ರಕ್ಕೆ ಸಾಕು. ನೀರು ಸಾಲದಿದ್ದರೆ ಪಂಪಿನ ಸೀಲು ಹೋಗುತ್ತದೆ. ನಾಲೆಯ ಕೆಂಪು ನೀರನ್ನು ನೇರ ಕೊಡಲೇಬೇಡಿ, ಮರಳು ಪಂಪನ್ನು ತಿನ್ನುತ್ತದೆ.

ಮೊದಲು ನೀರು ಬಿಟ್ಟು, ಗನ್ ಒತ್ತಿ ಗಾಳಿ ಹೋದ ಮೇಲೆ ಎಂಜಿನ್ನಿನ ಹಗ್ಗ ಎಳೆಯಿರಿ. ಗನ್ ಬಿಟ್ಟು ಮಾತಿಗೆ ನಿಂತರೆ ಪಂಪಿನೊಳಗೆ ಅದೇ ನೀರು ಸುತ್ತಿ ಕಾಯುತ್ತದೆ. ಆಫ್ ಮಾಡೋದೇ ಮೇಲು.

ಕೆಂಪು ನಾಜಲ್ ಸೊನ್ನೆ ಡಿಗ್ರಿ. ನೀರು ಚರ್ಮ ಸೀಳಿ ಒಳಹೋಗುತ್ತದೆ. ಅದನ್ನು ಅಟ್ಟಕ್ಕೆ ಹಾಕಿದ್ದೇನೆ. ಟಿಲ್ಲರಿಗೆ 25 ಡಿಗ್ರಿಯ ಹಸಿರು, ಕೊಟ್ಟಿಗೆ ನೆಲಕ್ಕೆ 40ರ ಬಿಳಿ. ಬೇರಿಂಗ್, ರೇಡಿಯೇಟರಿಗೆ ಹತ್ತಿರ ಹಿಡಿಯಬೇಡಿ. ದನದ ಮೈಗಂತೂ ಬೇಡವೇ ಬೇಡ.

ಎಂಜಿನ್ ಮಾತ್ರ ಕೊಟ್ಟಿಗೆಯೊಳಗೆ ಇಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಬಾಗಿಲು ತೆರೆದಿದ್ದರೂ ಸಾಲದು. ಎಂಜಿನ್ ಬಾಗಿಲಿಂದ ದೂರ ಬಯಲಲ್ಲಿ, ಪೈಪು ಮಾತ್ರ ಒಳಗೆ.

ಎರಡು ಹಸು ಮಾತ್ರ ಇರುವವರಿಗೆ ಇದು ದುಂದು, ಪೊರಕೆ ಸಾಕು. ಟಿಲ್ಲರಿರುವ ನಾಲ್ಕು ಮನೆಯವರು ಸೇರಿ ಒಂದು ತಂದುಕೊಳ್ಳಬಹುದು, ಪೆಟ್ರೋಲ್ ಅವರವರದ್ದು.