ಕುಮಾರರಾಮ ಬದುಕಿದ್ದಾನೆ, ರಾಜನಿಗೆ ಗೊತ್ತಿಲ್ಲ: ಬುರ್ರಕಥೆ ಯಾಕೆ ಕಿವಿ ಹಿಡಿಯುತ್ತೆ?

ದರೋಜಿ ಅಂದ ತಕ್ಷಣ ನಿಮಗೆ ನೆನಪಾಗೋದು ಕರಡಿಧಾಮ, ಅಲ್ವಾ? ಹಂಪಿಗೆ ಬಂದವರು ಸಂಜೆ ಹೊತ್ತಿಗೆ ಅಲ್ಲಿಗೆ ಹೋಗಿ, ಬಂಡೆ ಮೇಲಿಂದ ಕರಡಿ ಇಳಿಯೋದನ್ನ ನೋಡಿ, ಒಂದು ರೀಲ್ ಮಾಡ್ಕೊಂಡು ವಾಪಸ್ ಬರ್ತಾರೆ. ಸಂಡೂರು ತಾಲ್ಲೂಕಿನ ಅದೇ ದರೋಜಿಯಲ್ಲಿ ಓದು ಬರಹ ಬಾರದ ಹೆಣ್ಣುಮಗಳೊಬ್ಬರು ಹನ್ನೆರಡು ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಅಚ್ಚು ಹಾಕಿದರೆ ಸುಮಾರು 7,000 ಪುಟ ಆಗಬಹುದು ಅಂತ ಅಂದಾಜು. ಅವರ ಹೆಸರು ಈರಮ್ಮ. ನಾಡೆಲ್ಲ ಕರೆದದ್ದು ಬುರ್ರಕಥಾ ಈರಮ್ಮ ಅಂತ.

ಅಮೆರಿಕದ ಕಂಟ್ರಿ ಮ್ಯೂಸಿಕ್ ಕೇಳೋರು ನಿಮ್ಮಲ್ಲಿ ಸುಮಾರು ಜನ ಇದ್ದೀರಿ. ಅದರಲ್ಲಿ ಏನಿದೆ ಅಂತ ಕೇಳಿದ್ರೆ ಪಟ್ಟಿ ರೆಡಿ: ಬಿಟ್ಟು ಬಂದ ಊರು, ಅಮ್ಮ, ಕೈಕೊಟ್ಟ ಪ್ರೀತಿ, ಜೈಲು, ದೇವರು. 1927ರಲ್ಲಿ ಟೆನೆಸ್ಸಿಯ ಬ್ರಿಸ್ಟಲ್‌ಗೆ ರೆಕಾರ್ಡಿಂಗ್ ಯಂತ್ರ ತಂದು ಗುಡ್ಡಗಾಡಿನ ಹಾಡುಗಾರರನ್ನ ಕರೆದಾಗ ಕಾರ್ಟರ್ ಕುಟುಂಬದಂಥವರು ಬಂದು ಹಾಡಿದ್ರು. ಅವತ್ತಿನ ಪ್ಲೇಟಿನ ಒಂದು ಬದಿಗೆ ಹಿಡಿಸ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಹಾಡೂ ಅಷ್ಟಕ್ಕೇ ಮುಗೀಬೇಕು. ನಮ್ಮ ಬುರ್ರಕಥೆಯದ್ದೂ ಹೆಚ್ಚೂಕಡಿಮೆ ಅದೇ ಸಾಮಗ್ರಿ. ಆದರೆ ಅದಕ್ಕೆ ಆ ಪ್ಲೇಟಿನ ಕಟ್ಟುಪಾಡು ಇರಲಿಲ್ಲ. ಒಂದು ಕಥೆ ರಾತ್ರಿ ಪೂರ್ತಿ ನಡೀಬಹುದು, ಮಾರನೇ ರಾತ್ರಿಗೂ ಮುಂದುವರೀಬಹುದು.

ಹಾಗಾದ್ರೆ ಅಷ್ಟು ಹೊತ್ತು ಜನ ಯಾಕೆ ಕೂರ್ತಾರೆ? ಈರಮ್ಮ ಹಾಡ್ತಿದ್ದ ಕುಮಾರರಾಮನ ಕಥೆಯನ್ನೇ ತಗೊಳ್ಳಿ. ಕಂಪಲಿರಾಯನ ಮಗ ರಾಮ. ಅಪ್ಪನ ಕಿರಿಯ ಹೆಂಡತಿ ರತ್ನಾಜಿ ಅವನ ಮೇಲೆ ಮನಸ್ಸು ಮಾಡ್ತಾಳೆ. ನೀನು ನನಗೆ ತಾಯಿ ಅಂತ ರಾಮ ಅಂದುಬಿಡ್ತಾನೆ. ಅವಮಾನ ಆದ ರತ್ನಾಜಿ ರಾಜನ ಹತ್ತಿರ ಸುಳ್ಳು ದೂರು ಹೇಳ್ತಾಳೆ. ಅಪ್ಪ ವಿಚಾರಣೆ ಮಾಡೋದಿಲ್ಲ, ಮಗನ ತಲೆ ತನ್ನಿ ಅಂತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ, ರಾಮನನ್ನ ನೆಲಮಾಳಿಗೆಯಲ್ಲಿ ಬಚ್ಚಿಡ್ತಾನೆ.

ಇಲ್ಲಿಂದ ಕಥೆಯ ಹಿಡಿತವೇ ಬೇರೆ. ರಾಮ ಬದುಕಿದ್ದಾನೆ ಅಂತ ರಾಜನಿಗೆ ಗೊತ್ತಿಲ್ಲ, ಕೂತು ಕೇಳ್ತಿರೋ ನಿಮಗೆ ಗೊತ್ತು. ಅರಮನೆಯ ಗುಟ್ಟನ್ನ ಕೂಲಿ ಮಾಡಿ ಬಂದು ಕಟ್ಟೆ ಮೇಲೆ ಕೂತವರ ಕೈಗೆ ಕೊಟ್ಟುಬಿಡುತ್ತೆ ಕಥೆ. ಮುಂದೆ ದೆಹಲಿ ಸೈನ್ಯ ಬಂದಾಗ, ಕೊಲ್ಲಿಸಿದ ಮಗನೇ ಬೇಕಾಗ್ತಾನೆ. ಆಗ ರಾಜನಿಗೆ ಆಗೋ ನಾಚಿಕೆ ಇದೆಯಲ್ಲ, ಅದನ್ನ ನೋಡೋಕೆ ಜನ ನಿದ್ದೆಗೆಡ್ತಾರೆ. ರಾಮ ಹೊರಬಂದು ಹೋರಾಡಿ ಕೊನೆಗೆ ಸಾಯ್ತಾನೆ. ‘ಪರನಾರಿ ಸಹೋದರ’ ಅನ್ನೋದು ಅವನ ಬಿರುದು. ಕಥೆಯ ಸಂದೇಶವೂ ಅದೇ ಅಂತ ಪುಸ್ತಕಗಳು ಹೇಳ್ತವೆ. ಇರಬಹುದು. ನನಗೆ ಕೇಳಿಸೋದು ಮಾತ್ರ ಇನ್ನೊಂದು: ಅಧಿಕಾರದಲ್ಲಿರೋರು ಮಾತು ಕೇಳದೆ ತೀರ್ಪು ಕೊಟ್ಟರೆ ಏನಾಗುತ್ತೆ ಅನ್ನೋದು.

ಕಥೆಯ ನೆಲವೂ ಇಲ್ಲೇ ಇದೆ. ಕಂಪ್ಲಿ ಇದೆ, ಗಂಗಾವತಿ ಕಡೆ ಕುಮ್ಮಟದುರ್ಗ ಇದೆ. ತುಘಲಕ್ ಸೈನ್ಯದಿಂದ ಕಂಪಿಲಿ ರಾಜ್ಯ ಬಿದ್ದದ್ದು 1327ರ ಹೊತ್ತಿಗೆ, ಅಂದ್ರೆ ವಿಜಯನಗರಕ್ಕಿಂತ ಮುಂಚೆ. ಟೂರಿಸ್ಟ್ ಗೈಡ್‌ಗಳು ಈ ಕಥೆ ಹೇಳೋದು ಕಮ್ಮಿ. ಸೋತ ರಾಜ್ಯ ನೋಡಿ.

ಈ ನೆಲದ ವೀರನನ್ನ ನೆನಪಿಟ್ಟುಕೊಂಡು ಊರೂರು ಹಾಡಿದವರು ಯಾರು? ಬುಡ್ಗ ಜಂಗಮರು. ಅಲೆಮಾರಿಗಳು, ಪರಿಶಿಷ್ಟ ಜಾತಿಯವರು, ಮನೆಮಾತು ತೆಲುಗು. ಊರಿಂದ ಊರಿಗೆ ಹೋಗಿ ಹಾಡಿ, ಜನ ಕೊಟ್ಟ ಕಾಳುಕಡಿಯಲ್ಲಿ ಬದುಕಿದವರು. ಈರಮ್ಮ ಹುಟ್ಟಿದ್ದು 1930ರಲ್ಲಿ. ಹುಡುಗಿಯಾಗಿದ್ದಾಗಲೇ ಅಪ್ಪನಿಂದ ಕಲಿತರು. ಕಂಟ್ರಿ ಹಾಡಿನಲ್ಲಿ ಊರು ಅಂದ್ರೆ ಬಿಟ್ಟು ಬಂದ ಮನೆ. ಇಲ್ಲಿ ಮೊದಲಿಂದಲೂ ನೆಲ ಇಲ್ಲದವರೇ ಊರಿನ ನೆನಪನ್ನ ಹೊತ್ತು ತಿರುಗಿದರು. ನನಗಂತೂ ಇಡೀ ವಿಷಯದಲ್ಲಿ ತುಂಬ ಕಾಡೋದು ಇದು.

ಸಂದೇಶ ಅಂದಾಗ ಇನ್ನೊಂದು ಮಾತು. ತೆಲುಗು ನಾಡಲ್ಲಿ 1940ರ ದಶಕದಲ್ಲಿ ಎಡಪಂಥೀಯ ಕಲಾವಿದರು ಬುರ್ರಕಥೆಯನ್ನ ಹೋರಾಟಕ್ಕೆ ಬಳಸಿದ್ರು, ಅದರ ಮೇಲೆ ನಿಷೇಧವೂ ಬಂತು. ಆಮೇಲೆ ಸರ್ಕಾರಗಳೇ ಅದೇ ಧಾಟಿಯಲ್ಲಿ ಸಾಕ್ಷರತೆ, ಆರೋಗ್ಯದ ಪ್ರಚಾರ ಮಾಡಿಸಿದ್ವು. ಪ್ರಚಾರದ ಹಾಡು ಕೆಲಸ ಮುಗಿದ ಮೇಲೆ ಯಾರಿಗೂ ನೆನಪಿರಲ್ಲ. ರಾಮನ ಕಥೆ ಇಷ್ಟು ಶತಮಾನ ಉಳಿದಿದೆ.

ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಸಿಕ್ತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಕೆಲವು ಕಾವ್ಯಗಳು ಪುಸ್ತಕವಾಗಿವೆ. ಅದು ದೊಡ್ಡ ಕೆಲಸವೇ, ಆದರೆ ಪುಸ್ತಕಕ್ಕೆ ಸಿಕ್ಕದ್ದು ಒಂದು ದನಿ ಮಾತ್ರ. ಬುರ್ರಕಥೆ ಒಬ್ಬರ ಹಾಡಲ್ಲ. ತಂಬೂರಿ ಹಿಡಿದು ಮುಖ್ಯ ಹಾಡುಗಾರ್ತಿ ಕಥೆ ನಡೆಸಿದರೆ, ಪಕ್ಕದಲ್ಲಿ ವಾದ್ಯ ಬಾರಿಸೋರು ಪಲ್ಲವಿ ಎತ್ತಬೇಕು, ‘ಹೌದಾ?’ ಅನ್ನಬೇಕು, ‘ಆಮೇಲೆ?’ ಅಂತ ಕೇಳಬೇಕು. ಈರಮ್ಮನವರ ಜೊತೆ ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಆ ಕೆಲಸ ಮಾಡ್ತಿದ್ರು. ಕೇಳುಗರ ಮನಸ್ಸಲ್ಲಿ ಏಳೋ ಪ್ರಶ್ನೆಯನ್ನ ಅವರು ಕೇಳ್ತಿದ್ರು. ನಿಮ್ಮ ಪಾಡ್‌ಕಾಸ್ಟ್‌ಗಳಲ್ಲಿ ಕೋ-ಹೋಸ್ಟ್ ಮಾಡೋದೂ ಇದನ್ನೇ ಅಲ್ವಾ.

ಇವತ್ತು ಉತ್ಸವದ ವೇದಿಕೆಯಲ್ಲಿ ಇಂಥ ಕಲೆಗೆ ಸಿಗೋದು ಹತ್ತೋ ಹದಿನೈದೋ ನಿಮಿಷ. ಅಷ್ಟರಲ್ಲಿ ರಾಮ ನೆಲಮಾಳಿಗೆಗೂ ಇಳಿದಿರಲ್ಲ. ಹಾಗಾಗಿ ಎಲ್ಲಾದ್ರೂ ಬುರ್ರಕಥೆಯ ರೆಕಾರ್ಡಿಂಗ್ ಸಿಕ್ಕರೆ ಇಯರ್‌ಫೋನ್ ಹಾಕ್ಕೊಳ್ಳಿ, ಸ್ಪೀಡ್ ಹೆಚ್ಚಿಸಬೇಡಿ. ಮುಖ್ಯ ದನಿ ನಿಂತ ಕಡೆ ಪಕ್ಕದ ದನಿ ಏನನ್ನುತ್ತೆ, ಅದನ್ನ ಕೇಳಿ.