ಸೀಗೆಕಾಯಿ: ಬಚ್ಚಲುಮನೆಯಿಂದ ಅಂಗಡಿಯ ಕಪಾಟಿಗೆ

ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ ನೀರು ತುಂಬಿಸಿ, ಮರುದಿನ ಮುಂಜಾನೆ ಎಣ್ಣೆ ಹಚ್ಚಿಕೊಂಡು ಸೀಗೆಕಾಯಿಯಿಂದ ತಲೆ ತೊಳೆಯುವುದು ಕನ್ನಡ ನಾಡಿನ ಹಳೆಯ ವಾಡಿಕೆ. ವರ್ಷವಿಡೀ ಶಾಂಪೂ ಬಳಸುವ ಮನೆಗಳಲ್ಲಿಯೂ ನರಕ ಚತುರ್ದಶಿಯಂದು ಸೀಗೆಪುಡಿಯ ಡಬ್ಬ ಹೊರಬರುವುದುಂಟು. ಈ ಡಬ್ಬವನ್ನೇ ಉದ್ದಿಮೆಯಾಗಿಸುವ ಆಸೆ ಈಚಿನ ವರ್ಷಗಳಲ್ಲಿ ಅನೇಕರಲ್ಲಿ ಮೂಡಿದೆ. ಸ್ವಸಹಾಯ ಸಂಘದ ಮಹಿಳೆಯರು, ಗ್ರಂಧಿಗೆ ಅಂಗಡಿಯವರು, ಸಣ್ಣ ಸಾಬೂನು ತಯಾರಕರು ಮನೆಯ ಗಿಡಮೂಲಿಕೆ ಶಾಂಪೂವನ್ನು ಬಾಟಲಿಗೆ ತುಂಬಿ ಮಾರಲು ಮುಂದಾಗುತ್ತಿದ್ದಾರೆ. ಮನೆಯಲ್ಲಿ ಮೆಚ್ಚುಗೆ ಪಡೆದ ಸರಕು ಅಂಗಡಿಯಲ್ಲಿ ಏಕೆ ಸೋಲುತ್ತದೆ ಎಂಬುದನ್ನು ಹಣ ಹೂಡುವ ಮೊದಲೇ ತಿಳಿದುಕೊಳ್ಳುವುದು ಲೇಸು.

ಸೀಗೆಕಾಯಿಯ ಸಿಪ್ಪೆ ಹಾಗೂ ಅಂಟುವಾಳದ ತಿರುಳಿನಲ್ಲಿ ಸಪೋನಿನ್ ಎಂಬ ನೈಸರ್ಗಿಕ ವಸ್ತುವಿದೆ. ನೀರಿನಲ್ಲಿ ಕದಡಿದಾಗ ನೊರೆ ಬರುವುದಕ್ಕೂ, ಕೂದಲಿಗೆ ಅಂಟಿದ ಎಣ್ಣೆ ಬಿಡುವುದಕ್ಕೂ ಇದೇ ಕಾರಣ. ಸಾಬೂನು ಕ್ಷಾರಗುಣದ್ದು, ಸೀಗೆಕಾಯಿಯ ರಸ ತುಸು ಆಮ್ಲಗುಣದ್ದು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಸಾಬೂನು ಸುಣ್ಣದ ಅಂಶದೊಡನೆ ಸೇರಿ ಕೂದಲಿನ ಮೇಲೆ ಬಿಳಿ ಜಿಡ್ಡಾಗಿ ಕೂರುತ್ತದೆ. ಸಪೋನಿನ್ನಿಗೆ ಆ ದೋಷವಿಲ್ಲ. ಗ್ರಾಹಕರಿಗೆ ಹೇಳಿಕೊಳ್ಳಬಹುದಾದ ನಿಜವಾದ ಗುಣ ಇದು. ಆದರೆ ಹೆಚ್ಚಿನ ತಯಾರಕರು ಇದನ್ನು ಬಿಟ್ಟು ಕೂದಲು ಮೊಣಕಾಲವರೆಗೆ ಬೆಳೆಯುವ ಚಿತ್ರವನ್ನೇ ಚೀಟಿಯ ಮೇಲೆ ಅಚ್ಚು ಹಾಕಿಸುತ್ತಾರೆ.

ಮನೆಯ ವಿಧಾನ ಸರಳವಾದುದು. ಬೀಜ ತೆಗೆದ ಅಂಟುವಾಳ 100 ಗ್ರಾಂ, ಬೀಜ ಹಾಗೂ ನಾರು ತೆಗೆದ ಸೀಗೆಕಾಯಿ 100 ಗ್ರಾಂ, ಒಣಗಿದ ನೆಲ್ಲಿಕಾಯಿ 50 ಗ್ರಾಂ, ಎರಡು ಚಮಚ ಮೆಂತ್ಯ, ಇವುಗಳನ್ನು ಒಂದೂವರೆ ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ಸಣ್ಣ ಉರಿಯಲ್ಲಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ ತೆಳುಬಟ್ಟೆಯಲ್ಲಿ ಸೋಸಬೇಕು. ನೊರೆ ಉಕ್ಕುವುದರಿಂದ ಪಾತ್ರೆ ದೊಡ್ಡದಿರಲಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ನೆಲ್ಲಿಕಾಯಿಯ ಒಗರು ಕಬ್ಬಿಣದೊಡನೆ ಸೇರಿ ರಸ ಕಪ್ಪಾಗುತ್ತದೆ. ಬಣ್ಣ ಬೇಡವೆಂದರೆ ಸ್ಟೀಲ್ ಪಾತ್ರೆಯೇ ಸರಿ. ದಾಸವಾಳದ ಎಲೆಯ ಲೋಳೆಯನ್ನು ಬಳಸುವ ಹೊತ್ತಿಗೆ ಬೆರೆಸಿದರೆ ಕೂದಲು ಮೃದುವಾಗುತ್ತದೆ. ಲಾವಂಚದ ಬೇರನ್ನು ಜೊತೆಗೆ ನೆನೆಹಾಕಿದರೆ ಪರಿಮಳಕ್ಕೆ ಬೇರೇನೂ ಬೇಡ. ಈ ರಸ ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆಂಬುದು ಅಜ್ಜಿಯರ ಕೈಯಲ್ಲಿ ತಲೆ ತೊಳೆಸಿಕೊಂಡವರೆಲ್ಲರಿಗೂ ನೆನಪಿರುವ ಸಂಗತಿ.

ತೊಡಕು ಆರಂಭವಾಗುವುದು ಸೋಸಿದ ನಂತರ. ಈ ರಸ ನೀರಿನಲ್ಲಿ ಕುದಿಸಿದ ಸೊಪ್ಪು-ಕಾಯಿಗಳ ಕಷಾಯವೇ ಹೊರತು ಬೇರೆಯಲ್ಲ. ಸಾರಿನಂತೆ ಅದೂ ಹಳಸುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಉಳಿದೀತು. ಬೇಸಿಗೆಯಲ್ಲಿ ಹೊರಗಿಟ್ಟರೆ ಎರಡು-ಮೂರು ದಿನಕ್ಕೆ ಹುಳಿವಾಸನೆ ಬರುತ್ತದೆ. ಮನೆಯಲ್ಲಿ ಇದು ದೋಷವಲ್ಲ. ಬೇಕಾದಾಗ ಮಾಡಿ, ಮಾಡಿದ್ದನ್ನು ಮುಗಿಸುವುದೇ ಅಲ್ಲಿನ ಕ್ರಮ. ಆದರೆ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾದ ಬಾಟಲಿಯೊಳಗೆ ಹುದುಗು ಹಿಡಿದರೆ ಬಾಟಲಿ ಉಬ್ಬುತ್ತದೆ, ಮುಚ್ಚಳ ಸೋರುತ್ತದೆ, ಅಕ್ಕಪಕ್ಕದ ಸರಕೂ ಕೆಡುತ್ತದೆ. ಸರಕು ಹಿಂದಿರುಗಿಸಿದ ಅಂಗಡಿಯವರು ಎರಡನೆಯ ಬಾರಿ ಬೇಡಿಕೆ ಕೊಡುವುದಿಲ್ಲ.

ಸಂರಕ್ಷಕಗಳನ್ನು ಬಳಸಲಾಗದೆಂದಲ್ಲ. ಸೋಡಿಯಂ ಬೆಂಜೋಯೇಟ್ ಆಮ್ಲಗುಣದ ದ್ರವದಲ್ಲಿ ಚೆನ್ನಾಗಿ ಕೆಲಸ ಮಾಡುವುದರಿಂದ ಈ ರಸಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಅದರ ಪ್ರಮಾಣ, ರಸದ ಆಮ್ಲತೆ, ಪ್ರತಿ ಬ್ಯಾಚಿನ ಸೂಕ್ಷ್ಮಾಣು ಪರೀಕ್ಷೆ, ಶುದ್ಧ ನೀರು, ಶುಚಿಯಾದ ತುಂಬುವ ಕೋಣೆ ಇವೆಲ್ಲವೂ ಖರ್ಚಿನ ಬಾಬತ್ತುಗಳು. ಅಷ್ಟೆಲ್ಲ ಮಾಡಿದ ಮೇಲೂ ಬಾಟಲಿಯೊಳಗೆ ತೆಳ್ಳಗಿನ ಕಂದು ನೀರೇ ಇರುತ್ತದೆ. ದಪ್ಪನೆಯ, ಮುತ್ತಿನ ಹೊಳಪಿನ ದ್ರವಕ್ಕೆ ಒಗ್ಗಿಕೊಂಡ ಗ್ರಾಹಕರು ಇದನ್ನು ಕಲಬೆರಕೆ ಎಂದೇ ಭಾವಿಸುತ್ತಾರೆ. ಈ ಕಾರಣಕ್ಕಾಗಿಯೇ ಮಾರುಕಟ್ಟೆಯ ಅನೇಕ 'ಹರ್ಬಲ್' ಶಾಂಪೂಗಳಲ್ಲಿ ನೊರೆ ಕೊಡುವುದು ಸೋಡಿಯಂ ಲಾರೆತ್ ಸಲ್ಫೇಟಿನಂಥ ರಾಸಾಯನಿಕ. ಮೂಲಿಕೆಯ ಸಾರ ಅದಕ್ಕೆ ಸೇರಿಸಿದ್ದು ಮಾತ್ರ. ಆ ಕಣದಲ್ಲಿ ಸಣ್ಣ ತಯಾರಕರು ದೊಡ್ಡ ಕಂಪನಿಗಳೊಡನೆ ಸೆಣಸುವುದು ಕಷ್ಟ. 2025ರ ಸೆಪ್ಟೆಂಬರ್ 22ರಿಂದ ಶಾಂಪೂವಿನ ಮೇಲಿನ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿದ ಮೇಲಂತೂ ಬೆಲೆಯಲ್ಲಿ ಪೈಪೋಟಿ ನಡೆಸುವುದು ಇನ್ನೂ ದುಸ್ತರವಾಗಿದೆ.

ಪುಡಿಯ ಲೆಕ್ಕವೇ ಬೇರೆ. ಅದರಲ್ಲಿ ನೀರಿಲ್ಲ, ಆದ್ದರಿಂದ ಚೆನ್ನಾಗಿ ಒಣಗಿಸಿದ ಪುಡಿಗೆ ಸಂರಕ್ಷಕದ ಅಗತ್ಯ ಬೀಳುವುದಿಲ್ಲ. ಸಾಗಣೆಯಲ್ಲಿ ನೀರಿನ ಭಾರಕ್ಕೆ ಬಾಡಿಗೆ ತೆರಬೇಕಾಗಿಲ್ಲ. ಬಾಟಲಿಗೆ ಬದಲಾಗಿ ಪೊಟ್ಟಣ ಸಾಕು. ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಅವರು 1983ರಲ್ಲಿ ಕೇವಲ 15,000 ರೂಪಾಯಿಯಿಂದ ಆರಂಭಿಸಿದ ಉದ್ದಿಮೆ 'ಚಿಕ್' ಶಾಂಪೂವಿನ ಸ್ಯಾಷೆಯಿಂದ ಹಳ್ಳಿಹಳ್ಳಿಯನ್ನು ತಲುಪಿತೆಂಬುದು ವರ್ತಕರಿಗೆ ತಿಳಿದ ಕಥೆ. ಮುಂದೆ ಕೆವಿನ್‌ಕೇರ್ ಎಂದು ಹೆಸರಾದ ಅದೇ ಸಂಸ್ಥೆ 'ಮೀರಾ' ಹೆಸರಿನಲ್ಲಿ ಸೀಗೆಕಾಯಿ ಪುಡಿಯನ್ನೂ ಮಾರಿತೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹೊಸ ಪದಾರ್ಥವನ್ನು ಕಲಿಸುವುದಕ್ಕಿಂತ, ಜನರಿಗೆ ಮೊದಲೇ ಗೊತ್ತಿದ್ದ ಪದಾರ್ಥದ ಕುಟ್ಟುವ, ಜರಡಿಹಿಡಿಯುವ ಶ್ರಮವನ್ನಷ್ಟೇ ತಪ್ಪಿಸಿ ಕೊಟ್ಟ ವ್ಯಾಪಾರವದು. ಸಣ್ಣ ತಯಾರಕರ ಕೈಗೆಟಕುವುದು ಈ ದಾರಿಯೇ.

ಕಚ್ಚಾ ಮಾಲಿನ ಖರೀದಿಯಲ್ಲಿ ಎಚ್ಚರ ಬೇಕು. ಅಂಟುವಾಳದ ತೂಕದಲ್ಲಿ ಅರ್ಧಕ್ಕೆ ತುಸು ಕಡಿಮೆ ಬರೀ ಬೀಜ. ನೊರೆ ಇರುವುದು ಮೇಲಿನ ತಿರುಳಿನಲ್ಲಿ ಮಾತ್ರ. ಇಡೀ ಕಾಯಿಯ ದರ ಅಗ್ಗವೆಂದು ಕೊಂಡವರು ಬೀಜಕ್ಕೂ ಹಣ ತೆತ್ತಂತಾಗುತ್ತದೆ, ಬಿಡಿಸುವ ಕೂಲಿ ಬೇರೆ. ಸೀಗೆ, ಅಂಟುವಾಳಗಳು ಬಹುಮಟ್ಟಿಗೆ ಕಾಡಿನ ಉತ್ಪನ್ನಗಳು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇವನ್ನು ಸಂಗ್ರಹಿಸಿ ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತಿದ್ದರು. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನಂತರ ಸಂಗ್ರಹಕ್ಕೆ ತಡೆ ಬಿದ್ದು, ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆತದ್ದು 2011ರಲ್ಲಿ. ಕಾನೂನಿನ ಒಂದು ತಿರುವಿನಿಂದ ಪೂರೈಕೆ ನಿಲ್ಲಬಹುದೆಂಬುದನ್ನು ಮರೆಯದೆ, ಒಂದೇ ಮೂಲವನ್ನು ನೆಚ್ಚದಿರುವುದು ಜಾಣತನ.

ಇನ್ನು ಪರವಾನಗಿಯ ವಿಚಾರ. 'ಮನೆಯಲ್ಲಿ ಮಾಡಿದ್ದು, ಬರೀ ಸೊಪ್ಪು-ಕಾಯಿ, ಇದಕ್ಕೇಕೆ ಲೈಸೆನ್ಸು?' ಎಂಬ ಪ್ರಶ್ನೆ ಸಾಮಾನ್ಯ. ದೇಹವನ್ನು ಶುಚಿಗೊಳಿಸಲು ಬಳಸುವ ವಸ್ತು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ವ್ಯಾಖ್ಯೆಯಲ್ಲಿ ಪ್ರಸಾಧನ ಸಾಮಗ್ರಿಯಾಗುತ್ತದೆ. ಮಾರಾಟಕ್ಕಾಗಿ ಅದನ್ನು ತಯಾರಿಸಲು 2020ರ ಪ್ರಸಾಧನ ಸಾಮಗ್ರಿ ನಿಯಮಗಳಡಿ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಸ್ವಂತ ಘಟಕವಿಲ್ಲದವರು ಪರವಾನಗಿ ಇರುವ ಬೇರೊಬ್ಬರ ಘಟಕದಲ್ಲಿ ತಯಾರಿಸಲು 'ಲೋನ್ ಲೈಸೆನ್ಸ್' ಪಡೆಯುವ ಅವಕಾಶವೂ ಇದೆ. ಆರಂಭದಲ್ಲಿ ಕಟ್ಟಡ, ಯಂತ್ರಗಳಿಗೆ ಸಾಲ ಮಾಡುವುದಕ್ಕಿಂತ ಇದು ಮೇಲು. ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ, ಘಟಕಾಂಶಗಳು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಬೋಳುತಲೆಯಲ್ಲಿ ಕೂದಲು ಹುಟ್ಟಿಸುತ್ತದೆ, ನರೆಯನ್ನು ಕಪ್ಪಾಗಿಸುತ್ತದೆ ಎಂದು ಬರೆಯುವುದಂತೂ ಅಪಾಯಕರ. ಔಷಧ ನಿಯಮಗಳ 'ಜೆ' ಅನುಸೂಚಿಯಂತೆ ಔಷಧಗಳಿಗೇ ಇಂಥ ಭರವಸೆ ನೀಡುವ ಅಧಿಕಾರವಿಲ್ಲ, ಸೀಗೆಪುಡಿಗೆಲ್ಲಿಯದು?

ಬೀಸುವ ಹಂತವನ್ನು ಹಲವರು ಲಘುವಾಗಿ ಪರಿಗಣಿಸುತ್ತಾರೆ. ಊರಿನ ಹಿಟ್ಟಿನ ಗಿರಣಿಯಲ್ಲಿ ಸೀಗೆಕಾಯಿ ಬೀಸಲು ಒಪ್ಪುವವರು ಕಡಿಮೆ. ಕಹಿ ಮುಂದಿನವರ ರಾಗಿಹಿಟ್ಟಿಗೆ ಹತ್ತುತ್ತದೆಂಬ ಅವರ ಆಕ್ಷೇಪ ನ್ಯಾಯವಾದುದೇ. ಪ್ರತ್ಯೇಕ ಯಂತ್ರ ಬೇಕು, ಧೂಳು ಹೊರಹೋಗುವ ವ್ಯವಸ್ಥೆ ಬೇಕು. ಈ ಧೂಳು ಮೂಗಿಗೆ ಹೋದರೆ ಸೀನು ನಿಲ್ಲುವುದೇ ಇಲ್ಲ. ಕೆಲಸಗಾರರಿಗೆ ಮುಖಗವಸು, ಕನ್ನಡಕ ಒದಗಿಸದ ಘಟಕದಲ್ಲಿ ಆಳುಗಳು ನಿಲ್ಲುವುದಿಲ್ಲ. ಕಾಯಿಯನ್ನು ಮುರಿದಾಗ ಲಟಕ್ಕನೆ ಸದ್ದು ಬರುವಷ್ಟು ಒಣಗಿಸಿ ಬೀಸಬೇಕು. ಬಿಸಿಯಾದ ಪುಡಿಯನ್ನು ಕೂಡಲೇ ಪೊಟ್ಟಣಕ್ಕೆ ತುಂಬದೆ, ಹರಡಿ ಆರಿಸಿ, ಸಣ್ಣ ಜರಡಿಯಲ್ಲಿ ಹಿಡಿಯಬೇಕು. ದಪ್ಪ ತರಿ ಉಳಿದರೆ ಎಷ್ಟು ನೀರು ಹಾಕಿದರೂ ಕೂದಲಿನಿಂದ ಬಿಡದು. ಮುಂಗಾರಿಗೆ ಮುಂಚೆಯೇ ಒಣಗಿಸುವ ಕೆಲಸ ಮುಗಿಸಿ, ಕಾಯಿಯ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಪೇರಿಸಿ, ಹುಳು ಬೀಳದಂತೆ ಆಗಾಗ ಬಿಚ್ಚಿ ನೋಡುತ್ತಿರಬೇಕು.