ವೇಣು ಬಾಪು ಹೆಸರಿನ ಕ್ಷುದ್ರಗ್ರಹ

ಪ್ರಶ್ನೆ: ಹೈದರಾಬಾದಿನ ನಂಟಿರುವ ಯಾವುದಾದರೂ ಕ್ಷುದ್ರಗ್ರಹ ಇದೆಯೇ?

ಉತ್ತರ: ಇದೆ. ಹೈದರಾಬಾದಿನಲ್ಲಿ ಬೆಳೆದು ನಿಜಾಂ ಕಾಲೇಜಿನಲ್ಲಿ ಓದಿದ, ತಂದೆ ನೌಕರಿಯಲ್ಲಿದ್ದ ನಿಜಾಮಿಯಾ ವೀಕ್ಷಣಾಲಯದಲ್ಲಿ ಆಕಾಶದ ಪರಿಚಯ ಪಡೆದ ಖಗೋಳವಿಜ್ಞಾನಿ ವೇಣು ಬಾಪು ಅವರ ಹೆಸರನ್ನು 2596ನೆಯ ಕ್ಷುದ್ರಗ್ರಹಕ್ಕೆ ಇಡಲಾಗಿದೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಮುಖ್ಯ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುವ ಈ ಶಿಲಾಕಾಯವನ್ನು ರಿಚರ್ಡ್ ವೆಸ್ಟ್ 1979ರಲ್ಲಿ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದಲ್ಲಿ ಪತ್ತೆಹಚ್ಚಿದರು. ಆಗ ಅದಕ್ಕೆ ದೊರೆತ ‘1979 ಕೆಎನ್’ ಎಂಬ ತಾತ್ಕಾಲಿಕ ಗುರುತಿನಲ್ಲಿ ‘ಕೆ’ ಅಕ್ಷರವು ಮೇ ತಿಂಗಳ ಉತ್ತರಾರ್ಧವನ್ನೂ ‘ಎನ್’ ಆ ಅವಧಿಯ ಶೋಧಗಳಲ್ಲಿ ಅದರ ಸರದಿಯನ್ನೂ ಸೂಚಿಸುತ್ತವೆ. ಹಲವು ವೀಕ್ಷಣೆಗಳಿಂದ ಕಕ್ಷೆ, ಅಂದರೆ ಪರಿಭ್ರಮಣದ ಹಾದಿ, ಖಚಿತವಾದ ಬಳಿಕ ಕಾಯಂ ಸಂಖ್ಯೆ ದೊರೆಯುತ್ತದೆ; ಹೆಸರು ಸೂಚಿಸುವ ಹಕ್ಕು ಮೊದಲು ಶೋಧಕರದಾದರೂ ಅದಕ್ಕೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಒಪ್ಪಿಗೆ ಬೇಕು.